ಸಂವಾದಿ ವ್ಯಾಖ್ಯಾಯಕಗಳ ಸಮಾಸವಿಚಾರ

೧. ವಿಷಯಪ್ರವೇಶ

ಗಣಕಯಂತ್ರದೊಡನೆ ಮನುಷ್ಯನು ವ್ಯವಹರಿಸುವ ಕ್ರಮವು ಎರಡು ವಿಧವಾಗಿರುವುದು. ಮಾಡಿಸಬೇಕಾದ ಕೆಲಸವನ್ನೆಲ್ಲ ಆದ್ಯಂತವಾಗಿ ಒಂದು ಗ್ರಂಥದಂತೆ ಬರೆದು ಮುಗಿಸಿ, ಆ ಬಳಿಕ ಅದನ್ನು ಯಂತ್ರಕ್ಕೆ ಒಪ್ಪಿಸುವುದು ಒಂದು ಕ್ರಮ. ಒಂದು ವಾಕ್ಯವನ್ನು ಹೇಳಿ, ಅದಕ್ಕೆ ಯಂತ್ರವು ಕೊಟ್ಟ ಉತ್ತರವನ್ನು ನೋಡಿ, ಆ ಉತ್ತರವನ್ನು ಅನುಸರಿಸಿ ಮುಂದಿನ ವಾಕ್ಯವನ್ನು ಹೇಳುವುದು ಮತ್ತೊಂದು ಕ್ರಮ. ಮೊದಲನೆಯದನ್ನು ಲೇಖನಕ್ರಮವೆಂದೂ ಎರಡನೆಯದನ್ನು ಸಂವಾದಕ್ರಮವೆಂದೂ ಕರೆಯಬಹುದು. ಈ ಎರಡನೆಯ ಕ್ರಮದಲ್ಲಿ, ನಾವು ಹೇಳಿದ ವಾಕ್ಯವನ್ನು ಅಲ್ಲಿಯೇ ಬಿಡಿಸಿ ಅರ್ಥಮಾಡಿ ಫಲವನ್ನು ತೋರಿಸುವ ಸಾಧನಕ್ಕೆ ಇಂಟರ್‌ಪ್ರಿಟರ್ ಎಂದು ಹೆಸರು. ಈ ಲೇಖನದಲ್ಲಿ ಅದನ್ನು ವ್ಯಾಖ್ಯಾಯಕವೆಂದು ಕರೆಯುವೆವು. ಚಿತ್ರಗಳೂ ಗುಂಡಿಗಳೂ ಇಲ್ಲದೆ ಅಕ್ಷರಗಳ ಸಾಲುಗಳಿಂದಲೇ ಈ ಸಂವಾದವು ನಡೆಯುವ ಪರದೆಗೆ ಟರ್ಮಿನಲ್ ಎಂದು ಹೆಸರು.

ಸಾಹಿತ್ಯಾಧ್ಯಾಪಕರಿಗೆ ಈ ವಿಚಾರದಿಂದ ಏನು ಪ್ರಯೋಜನವೆಂದು ಕೇಳುವುದು ನ್ಯಾಯವೇ ಸರಿ. ಹಳಗನ್ನಡ ಕಾವ್ಯಗಳ ಪಾಠಗಳು ಈಗ ಯಂತ್ರಕ್ಕೆ ಓದಬರುವ ರೂಪದಲ್ಲಿ ದೊರೆಯಲು ಮೊದಲಾಗಿರುವುವು. ಶಬ್ದಗಳ ಆವೃತ್ತಿಯನ್ನು ಎಣಿಸುವುದು, ಛಂದಸ್ಸನ್ನು ಪರೀಕ್ಷಿಸುವುದು, ಎರಡು ಪಾಠಗಳನ್ನು ಹೋಲಿಸುವುದು ಮುಂತಾದ ಕೆಲಸಗಳಿಗೆ ವಿದ್ವಾಂಸರು ಸಂವಾದಿ ವ್ಯಾಖ್ಯಾಯಕಗಳನ್ನು, ವಿಶೇಷವಾಗಿ ಪೈಥಾನ್ ಎಂಬ ಭಾಷೆಯ ವ್ಯಾಖ್ಯಾಯಕಗಳನ್ನು, ಆಶ್ರಯಿಸುತ್ತಿರುವರು. ಆ ಭಾಷೆಗೆ ಒಂದಲ್ಲ, ಹಲವು ವ್ಯಾಖ್ಯಾಯಕಗಳುಂಟು. ಒಂದೊಂದರಲ್ಲಿ ಒಂದೊಂದು ಗುಣ ಅಧಿಕವಾಗಿರುವುದು. ಆದುದರಿಂದ ಎಲ್ಲ ಗುಣಗಳೂ ಒಂದೆಡೆ ಸೇರಿದರೆ ಚೆನ್ನಾಗಿತ್ತೆಂಬ ಆಶೆಯು ಸಹಜವಾಗಿಯೇ ಹುಟ್ಟುತ್ತದೆ. ಈ ಆಶೆಯು ಎಷ್ಟರಮಟ್ಟಿಗೆ ಸಾಧ್ಯ, ಎಲ್ಲಿ ಅಸಾಧ್ಯ, ಅಸಾಧ್ಯವಾದ ಕಡೆ ವಿದ್ವಾಂಸನು ಯಾವ ಎಚ್ಚರಿಕೆಯನ್ನು ವಹಿಸತಕ್ಕದ್ದು ಎಂಬುದೇ ಇಲ್ಲಿನ ವಿಚಾರ.

೨. ಪೂರ್ವೇತಿಹಾಸ

ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿದ್ದ ಜಾನ್ ಮೆಕಾರ್ಥಿಯವರು ಲಿಸ್ಪ್ ಎಂಬ ಭಾಷೆಯನ್ನು ಕಲ್ಪಿಸಿ, ೧೯೬೦ರಲ್ಲಿ ಅದರ ವಿವರಣೆಯನ್ನು ಪ್ರಕಟಿಸಿದರು. ಆ ಭಾಷೆಯ ಯಾವ ವಾಕ್ಯಕ್ಕಾದರೂ ಅರ್ಥವನ್ನು ನಿರ್ಣಯಿಸುವ ಒಂದು ವಿಧಿಯನ್ನು ಅದೇ ಭಾಷೆಯಲ್ಲಿಯೇ ಅವರು ಬರೆದು ತೋರಿಸಿದ್ದರು. ಅವರ ದೃಷ್ಟಿಯಲ್ಲಿ ಅದು ಕೇವಲ ಶಾಸ್ತ್ರೀಯವಾದ ನಿರೂಪಣೆ. ಅವರ ಸಹಾಯಕರಾದ ಸ್ಟೀವ್ ರಸೆಲ್ ಎಂಬವರು ಅದನ್ನು ಐಬಿಎಂ ೭೦೪ ಎಂಬ ಯಂತ್ರದ ಸಂಕೇತಗಳಿಗೆ ಕೈಯಿಂದಲೇ ಇಳಿಸಿದರು. ಶಾಸ್ತ್ರವಾಕ್ಯವು ಹೀಗೆ ನಡೆಯುವ ವ್ಯಾಖ್ಯಾಯಕವಾಯಿತು. ವಾಕ್ಯವನ್ನು ಓದುವುದು, ಅರ್ಥವನ್ನು ನಿರ್ಣಯಿಸುವುದು, ಫಲವನ್ನು ಮುದ್ರಿಸುವುದು, ಮತ್ತೆ ಮೊದಲಿಗೆ ಹೋಗುವುದು ಎಂಬ ನಾಲ್ಕು ಹೆಜ್ಜೆಗಳ ಆವರ್ತವು ಈ ಲಿಸ್ಪ್ ಪರಂಪರೆಯಲ್ಲಿ ರೂಢವಾಯಿತು. ಈ ನಾಲ್ಕು ಕ್ರಿಯೆಗಳ ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ‘ರೆಪ್ಲ್’ ಎಂದು ಇಂದಿಗೂ ಕರೆಯುವರು. ಅದೇ ಕಾಲದಲ್ಲಿ, ೧೯೬೩ರಲ್ಲಿ ರ್‍ಯಾಂಡ್ ಸಂಸ್ಥೆಯ ಜಾಸ್, ೧೯೬೪ರಲ್ಲಿ ಡಾರ್ಟ್‌ಮತ್ ಕಾಲೇಜಿನ ಬೇಸಿಕ್ ಎಂಬ ಭಾಷೆಗಳೂ ಸಂವಾದಕ್ರಮವನ್ನು ಸಾಮಾನ್ಯ ಜನರವರೆಗೆ ತಂದುವು.

ಪೈಥಾನ್ ಭಾಷೆಯನ್ನು ಆಮ್‌ಸ್ಟರ್‌ಡ್ಯಾಮ್ ನಗರದ ಗಣಿತ ಸಂಶೋಧನಾ ಸಂಸ್ಥೆಯಲ್ಲಿದ್ದ ಗೀಡೋ ಫಾನ್ ರೋಸಮ್ ಎಂಬವರು ರಚಿಸಿ ೧೯೯೧ರಲ್ಲಿ ಲೋಕಕ್ಕೆ ಬಿಡುಗಡೆಮಾಡಿದರು. ಅದರೊಡನೆ ಬರುವ ವ್ಯಾಖ್ಯಾಯಕವು ಮೂರು ಬಾಣದ ಮೊನೆಗಳನ್ನು ಪರದೆಯ ಮೇಲೆ ತೋರಿಸಿ ನಮ್ಮ ವಾಕ್ಯಕ್ಕಾಗಿ ಕಾಯುತ್ತದೆ. ಅದು ಬಹುಕಾಲ ತೀರ ಸರಳವಾಗಿಯೇ ಇದ್ದಿತು. ಆ ಸರಳತೆಯ ಕೊರತೆಯನ್ನು ತುಂಬಲು ಹುಟ್ಟಿದುವೇ ಮುಂದೆ ಹೇಳಲಾಗುವ ಇತರ ವ್ಯಾಖ್ಯಾಯಕಗಳು.

೩. ಪಾಠ, ಅರ್ಥ, ಧಾರಣ

ಗುಣಗಳನ್ನು ಕೂಡಿಸುವ ಮಾತಿಗೆ ಮೊದಲು ಗುಣಗಳನ್ನು ವಿಂಗಡಿಸುವುದು ಆವಶ್ಯಕ. ನಮ್ಮ ಪಾಠಶಾಲೆಗಳಲ್ಲಿ ವಿದ್ಯಾರ್ಥಿಯ ಅಭ್ಯಾಸಕ್ಕೆ ಮೂರು ಅಂಗಗಳಿದ್ದುವು. ತಪ್ಪಿಲ್ಲದೆ ಓದುವ ಪಾಠ, ಓದಿದುದರ ಅರ್ಥ, ಅರ್ಥವಾದುದನ್ನು ಮನಸ್ಸಿನಲ್ಲಿ ನಿಲ್ಲಿಸುವ ಧಾರಣ. ವ್ಯಾಖ್ಯಾಯಕದ ಗುಣಗಳೂ ಈ ಮೂರರಲ್ಲಿ ಒಂದೊಂದಕ್ಕೆ ಸೇರುವುವು.

ನಾವು ಬೆರಳೊತ್ತಿ ಬರೆಯುವಾಗ ತಪ್ಪನ್ನು ತಿದ್ದಲು ಬಿಡುವುದು, ಶಬ್ದಗಳ ಜಾತಿಯನ್ನು ಬಣ್ಣಗಳಿಂದ ತೋರಿಸುವುದು, ಅರ್ಧ ಬರೆದ ಹೆಸರನ್ನು ಪೂರ್ಣಮಾಡಿಕೊಡುವುದು, ಹಲವು ಸಾಲುಗಳ ವಾಕ್ಯವನ್ನು ಒಟ್ಟಾಗಿ ಎತ್ತಿ ತಿದ್ದಿಸುವುದು, ಇವೆಲ್ಲ ಪಾಠದ ಗುಣಗಳು. ಯಾವ ಸಾಲು ಭಾಷೆಯ ವಾಕ್ಯ, ಯಾವುದು ವಿಶೇಷಾಜ್ಞೆ, ಯಾವ ಚಿಹ್ನೆಗೆ ಯಾವ ಅಭಿಪ್ರಾಯ ಎಂಬ ನಿರ್ಣಯಗಳು ಅರ್ಥದ ಗುಣಗಳು. ಹಿಂದೆ ಹೇಳಿದ ವಾಕ್ಯಗಳನ್ನೂ ಬಂದ ಫಲಗಳನ್ನೂ ಹೆಸರಿಟ್ಟ ಪದಾರ್ಥಗಳನ್ನೂ ಇಟ್ಟುಕೊಂಡಿರುವುದು ಧಾರಣದ ಗುಣ.

ಈ ವಿಭಾಗದಿಂದ ದೊರೆಯುವ ಸಿದ್ಧಾಂತವನ್ನು ಮೊದಲೇ ಹೇಳಿಬಿಡುವೆವು. ಪಾಠದ ಗುಣಗಳು ಒಂದು ವ್ಯಾಖ್ಯಾಯಕದಿಂದ ಮತ್ತೊಂದಕ್ಕೆ ಸುಲಭವಾಗಿ ಹೋಗುತ್ತವೆ. ಅರ್ಥದ ಗುಣಗಳು ಒಂದನ್ನು ಪ್ರಧಾನವೆಂದು ಒಪ್ಪಿದರೆ ಮಾತ್ರ ಕೂಡುತ್ತವೆ. ಧಾರಣದ ಗುಣಗಳಾದರೋ ಸಾಧಾರಣವಾಗಿ ಕೂಡುವುದಿಲ್ಲ. ಅಲ್ಲಿ ಒಂದನ್ನು ಆರಿಸಿ ಮತ್ತೊಂದನ್ನು ಬಿಡಬೇಕಾಗುವುದು. ಇದಕ್ಕೆ ನಿದರ್ಶನಗಳನ್ನು ಕ್ರಮವಾಗಿ ನೋಡೋಣ.

೪. ಮೂರು ಕೂಡಿ ಒಂದಾದುದು

೨೦೦೧ರಲ್ಲಿ ಫರ್ನಾಂಡೊ ಪೆರೆಜ್ ಎಂಬವರು ಕೊಲರಾಡೊ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಸಂಶೋಧಕ ವಿದ್ಯಾರ್ಥಿಯಾಗಿದ್ದರು. ಮ್ಯಾಥಮ್ಯಾಟಿಕಾ ಎಂಬ ಗಣಿತಸಾಧನದಲ್ಲಿ ಪ್ರತಿಯೊಂದು ಪ್ರಶ್ನೆಗೂ ಉತ್ತರಕ್ಕೂ ಕ್ರಮಸಂಖ್ಯೆ ಇರುವುದು ಅವರಿಗೆ ಹಿಡಿಸಿದ್ದಿತು. ಪೈಥಾನಿಗೂ ಅದೇ ಅನುಕೂಲವನ್ನು ತರಲು ೨೫೯ ಸಾಲುಗಳ ಒಂದು ಚಿಕ್ಕ ಪ್ರೋಗ್ರಾಮನ್ನು ಬರೆದು ಐಪೈಥಾನ್ ಎಂದು ಹೆಸರಿಟ್ಟರು. ಅದೇ ಸಮಯದಲ್ಲಿ ಜಾಂಕೊ ಹೌಸರ್ ಎಂಬವರ ಐಪಿಪಿ ಎಂಬುದೂ, ನೇಥನ್ ಗ್ರೇ ಎಂಬವರ ಲೇಜಿಪೈಥಾನ್ ಎಂಬುದೂ ಬೇರೆಬೇರೆಯಾಗಿ ನಡೆಯುತ್ತಿದ್ದುವು. ಐಪಿಪಿಯ ಒಳಗಿನ ಜೋಡಣೆ ಅಚ್ಚುಕಟ್ಟಾದುದು. ಲೇಜಿಪೈಥಾನಿನಲ್ಲಿ ಆವರಣಚಿಹ್ನೆಗಳನ್ನು ಹಾಕದೆಯೇ ವಿಧಿಗಳನ್ನು ಕರೆಯುವ ಸೌಕರ್ಯವೂ, ತಪ್ಪಾದಾಗ ಅದರ ಮೂಲವನ್ನು ಬಣ್ಣಗಳೊಡನೆ ವಿಸ್ತಾರವಾಗಿ ತೋರಿಸುವ ಗುಣವೂ ಇದ್ದುವು. ಪೆರೆಜ್ ಅವರು ಈ ಮೂರನ್ನೂ ಒಂದುಗೂಡಿಸಿದರು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಮೂರಕ್ಕೂ ಸಮಾನವಾದ ಅಧಿಕಾರವನ್ನು ಅವರು ಕೊಡಲಿಲ್ಲ. ಐಪಿಪಿಯನ್ನು ಪಾತ್ರೆಯನ್ನಾಗಿ ಇಟ್ಟುಕೊಂಡು ತಮ್ಮ ಕೃತಿಯ ಗುಣಗಳನ್ನೂ ಲೇಜಿಪೈಥಾನಿನ ಗುಣಗಳನ್ನೂ ಅದರೊಳಕ್ಕೆ ಸುರಿದರು. ಹೆಸರು ಮಾತ್ರ ತಮ್ಮದರದೇ ಉಳಿಯಿತು. ವೈಯಾಕರಣರ ಪರಿಭಾಷೆಯಲ್ಲಿ ಹೇಳುವುದಾದರೆ, ಇದು ಎರಡು ಪದಗಳೂ ಪ್ರಧಾನವಾಗಿರುವ ದ್ವಂದ್ವವಲ್ಲ. ಒಂದು ಪದದ ಅರ್ಥವು ಪ್ರಧಾನವಾಗಿ ಮತ್ತೊಂದು ಅದನ್ನು ವಿಶೇಷಿಸುವ ತತ್ಪುರುಷ. ರಾಜಪುರುಷನೆಂದಾಗ ಬರುವವನು ಪುರುಷನೇ ಹೊರತು ರಾಜನಲ್ಲವಷ್ಟೆ. ಅರ್ಥನಿರ್ಣಯದ ಅಧಿಕಾರವು ಒಂದೆಡೆ ನಿಂತುದರಿಂದಲೇ ಆ ಮೂರರ ಕೂಟವು ಬಾಳಿತು.

ಐಪೈಥಾನಿನ ಅರ್ಥಗುಣಗಳನ್ನು ಇಲ್ಲಿಯೇ ಹೇಳುವುದು ಉಚಿತ. ಶೇಕಡಾ ಚಿಹ್ನೆಯಿಂದ ಮೊದಲಾಗುವ ಸಾಲು ಪೈಥಾನ್ ವಾಕ್ಯವಲ್ಲ, ವ್ಯಾಖ್ಯಾಯಕಕ್ಕೇ ಕೊಟ್ಟ ಆಜ್ಞೆ, ಇವನ್ನು ಮಾಂತ್ರಿಕಾಜ್ಞೆಗಳೆನ್ನುವರು. ಆಶ್ಚರ್ಯಸೂಚಕ ಚಿಹ್ನೆಯಿಂದ ಮೊದಲಾಗುವ ಸಾಲು ಯಂತ್ರದ ಕಾರ್ಯಾಚರಣ ವ್ಯವಸ್ಥೆಗೆ ಹೋಗುವುದು. ಹೆಸರಿನ ಕೊನೆಗೆ ಪ್ರಶ್ನಾರ್ಥಕ ಚಿಹ್ನೆಯನ್ನು ಇಟ್ಟರೆ ಆ ಪದಾರ್ಥದ ವಿವರಣೆ ಬರುವುದು. ಹೇಳಿದ ವಾಕ್ಯಗಳು ‘ಇನ್’ ಎಂಬ ಪಟ್ಟಿಯಲ್ಲಿಯೂ, ಬಂದ ಫಲಗಳು ‘ಔಟ್’ ಎಂಬ ಕೋಶದಲ್ಲಿಯೂ ಸಂಖ್ಯಾಸಹಿತವಾಗಿ ನಿಲ್ಲುವುವು.

೫. ಮುಖವೊಂದು, ಹೃದಯವೊಂದು

ಐಪೈಥಾನಿನ ತರುವಾಯ ಬಂದ ಎರಡು ವ್ಯಾಖ್ಯಾಯಕಗಳು ನಮ್ಮ ವಿಚಾರಕ್ಕೆ ಮುಖ್ಯವಾದುವು. ಬಾಬ್ ಫ್ಯಾರೆಲ್ ಎಂಬವರ ಬಿಪೈಥಾನ್ ಎಂಬುದು ಬರೆಯುತ್ತಿರುವಾಗಲೇ ಬಣ್ಣಗಳನ್ನೂ, ಮುಂದೆ ಬರಬಹುದಾದ ಹೆಸರುಗಳನ್ನೂ, ವಿಧಿಯೊಂದು ಅಪೇಕ್ಷಿಸುವ ಪದಾರ್ಥಗಳನ್ನೂ ತೋರಿಸುವುದು. ಹೇಳಿದ ವಾಕ್ಯವನ್ನು ಹಿಂದಕ್ಕೆ ತೆಗೆದುಕೊಳ್ಳುವ ವಿಶೇಷ ಶಕ್ತಿಯೂ ಅದಕ್ಕಿರುವುದು. ಅದನ್ನು ಮುಂದೆ ವಿವರಿಸುವೆವು. ಜೊನಾಥನ್ ಸ್ಲೆಂಡರ್ಸ್ ಎಂಬವರು ಟರ್ಮಿನಲ್ಲಿನಲ್ಲಿ ಬರೆಯುವುದು ತಿದ್ದುವುದು ಇವುಗಳಿಗಾಗಿಯೇ ಪ್ರಾಂಪ್ಟ್ ಟೂಲ್‌ಕಿಟ್ ಎಂಬ ಉಪಕರಣಸಂಗ್ರಹವನ್ನು ರಚಿಸಿ, ಅದರ ಮೇಲೆ ಪಿಟಿಪೈಥಾನ್ ಎಂಬ ವ್ಯಾಖ್ಯಾಯಕವನ್ನು ಕಟ್ಟಿದರು. ಹಲವು ಸಾಲುಗಳ ವಿಧಿಯನ್ನು ಒಟ್ಟಾಗಿ ತಿದ್ದುವುದರಲ್ಲಿ ಇದು ಸಮರ್ಥವಾದುದು.

ಐಪೈಥಾನಿನ ಆಜ್ಞೆಗಳೂ ಬೇಕು, ಪಿಟಿಪೈಥಾನಿನ ಬರೆವಣಿಗೆಯ ಸುಖವೂ ಬೇಕು ಎನ್ನುವವರಿಗಾಗಿ ಪಿಟಿಪೈಥಾನಿನೊಡನೆಯೇ ಪಿಟಿಐಪೈಥಾನ್ ಎಂಬ ಮೂರನೆಯ ರೂಪವೊಂದು ದೊರೆಯುವುದು. ಐಪೈಥಾನ್ ಮೊದಲೇ ಯಂತ್ರದಲ್ಲಿ ಇದ್ದರೆ ಅದು ನಡೆಯುವುದು. ಹೆಸರನ್ನೇ ನೋಡಿರಿ. ಎರಡು ಹೆಸರುಗಳಲ್ಲಿಯೂ ಪೈಥಾನ್ ಎಂಬ ಶಬ್ದವಿದ್ದರೂ ಕೂಡಿದಾಗ ಅದು ಒಮ್ಮೆ ಮಾತ್ರ ಉಳಿದಿರುವುದು. ಏಕಶೇಷವನ್ನು ನೆನಪಿಗೆ ತರುವ ಈ ರಚನೆಯು ಪದಾರ್ಥದ ಸ್ವರೂಪವನ್ನೂ ಸೂಚಿಸುತ್ತದೆ. ಓದುವ ಮುಖ ಪಿಟಿಪೈಥಾನಿನದು, ಅರ್ಥಮಾಡುವ ಹೃದಯ ಐಪೈಥಾನಿನದು, ಭಾಷೆಯೊಂದೇ.

ಹಾಗಾದರೆ ಮುಖವನ್ನು ಹೃದಯದಿಂದ ಪೂರ್ತಿಯಾಗಿ ಬೇರ್ಪಡಿಸಬಹುದೆ? ಇಲ್ಲಿ ಒಂದು ತೊಡಕುಂಟು. ಶಾಬ್ದಬೋಧಕ್ಕೆ ಆಕಾಂಕ್ಷೆಯು ಕಾರಣವೆಂದು ಶಾಸ್ತ್ರಕಾರರು ಹೇಳುವರು. ‘ಬಾಗಿಲನ್ನು’ ಎಂದಷ್ಟೇ ಹೇಳಿ ನಿಲ್ಲಿಸಿದರೆ ‘ಮುಚ್ಚು’ ಎಂಬುದೋ ‘ತೆರೆ’ ಎಂಬುದೋ ಬರುವವರೆಗೆ ಕೇಳುವವನ ಮನಸ್ಸು ಕಾಯುತ್ತಿರುವುದು. ವ್ಯಾಖ್ಯಾಯಕದ ಸ್ಥಿತಿಯೂ ಇದೇ. ನಾವು ಸಾಲಿನ ಕೊನೆಯ ಗುಂಡಿಯನ್ನು ಒತ್ತಿದಾಗ ವಾಕ್ಯವು ಮುಗಿಯಿತೋ, ಇನ್ನೂ ಆಕಾಂಕ್ಷೆ ಉಳಿದಿದೆಯೋ ಎಂಬುದನ್ನು ಓದುವ ಮುಖವೇ ತಿಳಿಯಬೇಕಾಗುತ್ತದೆ. ತೆರೆದ ಆವರಣವು ಮುಚ್ಚದಿದ್ದರೆ, ವಿಧಿಯ ಶಿರೋವಾಕ್ಯದ ಕೆಳಗೆ ಒಡಲು ಬಾರದಿದ್ದರೆ, ವಾಕ್ಯವನ್ನು ಹೃದಯಕ್ಕೆ ಕಳುಹಿಸದೆ ಮುಂದಿನ ಸಾಲಿಗೆ ಅವಕಾಶ ಕೊಡಬೇಕು. ಆದುದರಿಂದ ಮುಖಕ್ಕೂ ಅಲ್ಪಸ್ವಲ್ಪ ವ್ಯಾಕರಣ ಬೇಕು.

ಪಿಟಿಪೈಥಾನಿಗೆ ತಿಳಿದ ವ್ಯಾಕರಣವು ಶುದ್ಧ ಪೈಥಾನಿನದು. ಶೇಕಡಾ ಚಿಹ್ನೆಯಿಂದ ಮೊದಲಾದ ಸಾಲು ಆ ವ್ಯಾಕರಣಕ್ಕೆ ಅಪಶಬ್ದ. ಐಪೈಥಾನಿನ ಹೃದಯವು ಆ ಸಾಲನ್ನು ಸಂತೋಷದಿಂದ ಸ್ವೀಕರಿಸುವುದಾದರೂ ಅದು ಮುಖದಲ್ಲಿಯೇ ತಡೆಯಲ್ಪಡುವುದು! ಆದಕಾರಣ ಪಿಟಿಐಪೈಥಾನಿನಲ್ಲಿ ಸಾಲಿನ ಸಾಧುತ್ವವನ್ನು ಪರೀಕ್ಷಿಸುವ ಭಾಗ, ಬಣ್ಣ ಹಚ್ಚುವ ಭಾಗ, ಹೆಸರನ್ನು ಪೂರ್ಣಮಾಡುವ ಭಾಗ ಇವುಗಳಿಗೆ ಐಪೈಥಾನಿನ ಆಜ್ಞೆಗಳನ್ನು ಗುರುತಿಸುವ ಹೊಸ ನಿಯಮಗಳನ್ನು ಪ್ರತ್ಯೇಕವಾಗಿ ಸೇರಿಸಿರುವರು. ಎರಡು ಪದಗಳು ಸೇರುವಲ್ಲಿ ಎರಡರ ನಡುವೆ ಇಲ್ಲದಿದ್ದ ಯಕಾರವಕಾರಗಳು ಆಗಮವಾಗಿ ಬರುವಂತೆ, ಇಲ್ಲಿಯೂ ಎರಡರಲ್ಲಿಯೂ ಇಲ್ಲದಿದ್ದ ಭಾಗವು ಸಂಧಿಸ್ಥಾನದಲ್ಲಿ ಹುಟ್ಟಬೇಕಾಯಿತು. ವ್ಯಾಖ್ಯಾಯಕಗಳನ್ನು ಕೂಡಿಸುವ ಶ್ರಮವೆಲ್ಲ ಈ ಸಂಧಿಸ್ಥಾನದಲ್ಲಿಯೇ ಇರುವುದು.

ಪಾಠದ ಗುಣಗಳು ಸುಲಭವಾಗಿ ಸಂಚರಿಸುವುವೆಂಬುದಕ್ಕೆ ಮತ್ತೆರಡು ಪ್ರಮಾಣಗಳುಂಟು. ಮೊದಲು ರೀಡ್‌ಲೈನ್ ಎಂಬ ಹಳೆಯ ಉಪಕರಣದಿಂದ ಓದುತ್ತಿದ್ದ ಐಪೈಥಾನ್, ೨೦೧೬ರಲ್ಲಿ ಬಂದ ತನ್ನ ಐದನೆಯ ಆವೃತ್ತಿಯಲ್ಲಿ ಅದನ್ನು ಬಿಟ್ಟು ಪ್ರಾಂಪ್ಟ್ ಟೂಲ್‌ಕಿಟ್ಟನ್ನು ಸ್ವೀಕರಿಸಿತು. ಮುಖ ಪೂರ್ತಿಯಾಗಿ ಬದಲಾದರೂ ಮಾಂತ್ರಿಕಾಜ್ಞೆಗಳೂ ಇನ್ ಔಟ್ ಸಂಖ್ಯೆಗಳೂ ಹಾಗೆಯೇ ಉಳಿದುವು. ಎರಡನೆಯದಾಗಿ, ೨೦೨೪ರ ಅಕ್ಟೋಬರಿನಲ್ಲಿ ಹೊರಬಂದ ಪೈಥಾನಿನ ೩.೧೩ನೆಯ ಆವೃತ್ತಿಯಲ್ಲಿ ಮೂಲವ್ಯಾಖ್ಯಾಯಕವೇ ಹೊಸ ರೂಪವನ್ನು ತಾಳಿತು. ಪೈಪೈ ಎಂಬ ಬೇರೊಂದು ಪೈಥಾನ್ ರಚನೆಯಲ್ಲಿದ್ದ ಓದುವ ಭಾಗವನ್ನು ಅದಕ್ಕೆ ಆಧಾರವಾಗಿ ತೆಗೆದುಕೊಂಡರು. ಹಲವು ಸಾಲುಗಳನ್ನು ಒಟ್ಟಾಗಿ ತಿದ್ದುವ ಸೌಕರ್ಯ, ಬಣ್ಣ, ದೊಡ್ಡ ಭಾಗಗಳನ್ನು ಅಂಟಿಸುವ ಕ್ರಮ ಇವು ಮೂಲಕ್ಕೆ ಬಂದುವು, ೨೦೨೫ರ ೩.೧೪ನೆಯ ಆವೃತ್ತಿಯಲ್ಲಿ ಶಬ್ದಜಾತಿಗಳ ಬಣ್ಣವೂ ಬಂದಿತು. ಆದರೆ ಶೇಕಡಾ ಚಿಹ್ನೆಯ ಆಜ್ಞೆಗಳನ್ನಾಗಲಿ ಇನ್ ಔಟ್ ಪಟ್ಟಿಗಳನ್ನಾಗಲಿ ಮೂಲವು ಸ್ವೀಕರಿಸಲಿಲ್ಲ. ಬಂದುವೆಲ್ಲ ಬಹುಮಟ್ಟಿಗೆ ಪಾಠದ ಗುಣಗಳು. ಬಾರದೆ ಉಳಿದುವು ಅರ್ಥ ಮತ್ತು ಧಾರಣಗಳ ಗುಣಗಳು.

೬. ಅರ್ಥಸಂದೇಹವೂ ಅದರ ಪರಿಹಾರವೂ

ಅರ್ಥದ ಗುಣಗಳನ್ನು ಕೂಡಿಸಲು ಮೂರು ಉಪಾಯಗಳನ್ನು ಲೋಕದಲ್ಲಿ ಕಾಣುತ್ತೇವೆ.

ಮೊದಲನೆಯದು ಪ್ರಕರಣದಿಂದ ನಿರ್ಣಯಿಸುವುದು. ‘ಸೈಂಧವವನ್ನು ತಾ’ ಎಂದಾಗ ಊಟದ ಸಮಯವಾದರೆ ಉಪ್ಪು, ಪ್ರಯಾಣದ ಸಮಯವಾದರೆ ಕುದುರೆ ಎಂಬ ದೃಷ್ಟಾಂತವು ಪ್ರಸಿದ್ಧವಾದುದು. ೨೦೧೫ರಲ್ಲಿ ಆಂಥನಿ ಸ್ಕೋಪಟ್ಜ್ ಎಂಬವರಿಂದ ಹೊರಬಂದ ಕಾಂಶ್ ಎಂಬ ವ್ಯಾಖ್ಯಾಯಕವು ಪೈಥಾನ್ ಭಾಷೆಯನ್ನೂ ಕಾರ್ಯಾಚರಣ ವ್ಯವಸ್ಥೆಯ ಆಜ್ಞೆಗಳನ್ನೂ ಯಾವ ಗುರುತೂ ಇಲ್ಲದೆ ಒಂದೇ ಸಾಲಿನಲ್ಲಿ ಸ್ವೀಕರಿಸುವುದು. ‘ಎಲ್‌ಎಸ್ -ಎಲ್’ ಎಂಬ ಸಾಲನ್ನು ತೆಗೆದುಕೊಳ್ಳಿರಿ. ಯೂನಿಕ್ಸ್ ಸಂಪ್ರದಾಯದಲ್ಲಿ ಇದು ಕಡತಗಳ ವಿಸ್ತೃತವಾದ ಪಟ್ಟಿಯನ್ನು ಬೇಡುವ ಆಜ್ಞೆ. ಆದರೆ ನಾವು ಮೊದಲೇ ಎಲ್‌ಎಸ್ ಎಂದರೆ ೧೦, ಎಲ್ ಎಂದರೆ ೪ ಎಂದು ಪೈಥಾನಿನಲ್ಲಿ ಹೆಸರಿಟ್ಟಿದ್ದರೆ, ಅದೇ ಸಾಲಿಗೆ ವ್ಯವಕಲನದ ಅರ್ಥ ಬಂದು ಉತ್ತರ ೬ ಎಂದಾಗುವುದು. ಆ ಹೆಸರುಗಳನ್ನು ಅಳಿಸಿದೊಡನೆ ಮತ್ತೆ ಕಡತಗಳ ಪಟ್ಟಿಯೇ ಬರುವುದು. ಉಪಾಯವು ರಮ್ಯವಾದುದೇನೋ ನಿಜ. ಆದರೆ ಹಿಂದೆ ಹೇಳಿದುದನ್ನು ಮರೆತವನಿಗೆ ಅದೇ ಸಾಲು ಬೇರೆ ಅರ್ಥವನ್ನು ಕೊಡುವುದೆಂಬುದನ್ನು ಮರೆಯಲಾಗದು.

ಎರಡನೆಯದು ಅಧಿಕಾರದಿಂದ ನಿರ್ಣಯಿಸುವುದು. ಪಾಣಿನಿಯ ಅಧಿಕಾರಸೂತ್ರವು ಒಮ್ಮೆ ಉಕ್ತವಾದರೆ ತನ್ನ ವ್ಯಾಪ್ತಿ ಮುಗಿಯುವವರೆಗೆ ಮುಂದಿನ ಸೂತ್ರಗಳಲ್ಲೆಲ್ಲ ಅನುವರ್ತಿಸುವುದು. ೨೦೧೨ರಲ್ಲಿ ಪ್ರಕಟವಾದ ಜೂಲಿಯಾ ಎಂಬ ಭಾಷೆಯ ವ್ಯಾಖ್ಯಾಯಕದಲ್ಲಿ ಸಾಲಿನ ಮೊದಲಿಗೆ ಪ್ರಶ್ನಾರ್ಥಕ ಚಿಹ್ನೆಯನ್ನು ಒತ್ತಿದರೆ ವಿವರಣೆಯ ಅಧಿಕಾರವೂ, ಅರ್ಧವಿರಾಮವನ್ನು ಒತ್ತಿದರೆ ವ್ಯವಸ್ಥೆಯ ಆಜ್ಞೆಗಳ ಅಧಿಕಾರವೂ, ಮುಚ್ಚುವ ಚೌಕಾವರಣವನ್ನು ಒತ್ತಿದರೆ ಗ್ರಂಥಸಂಗ್ರಹಗಳ ಅಧಿಕಾರವೂ ಮೊದಲಾಗುವುದು. ಅಧಿಕಾರ ಬದಲಾದುದನ್ನು ಸಾಲಿನ ಮುಂದಿನ ಗುರುತೇ ತಿಳಿಸುವುದರಿಂದ ಸಂದೇಹಕ್ಕೆ ಎಡೆಯಿಲ್ಲ.

ಮೂರನೆಯದು ಎರಡನ್ನೂ ಅಪ್ರಧಾನಮಾಡಿ ಮೂರನೆಯದೊಂದನ್ನು ಪ್ರಧಾನಮಾಡುವುದು. ಪೀತಾಂಬರನೆಂದರೆ ಹಳದಿಯೂ ಅಲ್ಲ, ಬಟ್ಟೆಯೂ ಅಲ್ಲ, ಅದನ್ನುಟ್ಟ ವಿಷ್ಣು. ೨೦೧೧ರಲ್ಲಿ ಐಪೈಥಾನಿನ ಕರ್ತೃಗಳು ಮುಖವನ್ನೂ ಹೃದಯವನ್ನೂ ಎರಡು ಬೇರೆ ಪ್ರೋಗ್ರಾಮುಗಳನ್ನಾಗಿ ಒಡೆದು, ನಡುವೆ ಸಂದೇಶಗಳ ನಿಯತವಾದ ಭಾಷೆಯೊಂದನ್ನು ಇಟ್ಟರು. ‘ಈ ವಾಕ್ಯವನ್ನು ನಡೆಸು’, ‘ಈ ಹೆಸರನ್ನು ಪೂರ್ಣಮಾಡು’, ‘ಈ ಪದಾರ್ಥವನ್ನು ವಿವರಿಸು’, ‘ಈ ವಾಕ್ಯವು ಮುಗಿದಿದೆಯೆ’ ಎಂಬ ಪ್ರಶ್ನೆಗಳು ಆ ಸಂದೇಶಗಳ ರೂಪದಲ್ಲಿ ಹೋಗುವುವು. ಕೊನೆಯ ಪ್ರಶ್ನೆಯು ನಾವು ಮೇಲೆ ಹೇಳಿದ ಆಕಾಂಕ್ಷೆಯ ಪ್ರಶ್ನೆಯೇ ಆಗಿರುವುದನ್ನು ಗಮನಿಸತಕ್ಕದ್ದು. ಮುಖವು ತನಗೆ ತಿಳಿಯದ ವ್ಯಾಕರಣವನ್ನು ಊಹಿಸದೆ ಹೃದಯವನ್ನೇ ಕೇಳುತ್ತದೆ. ೨೦೧೪ರಲ್ಲಿ ಈ ಕಾರ್ಯವು ಜುಪಿಟರ್ ಎಂಬ ಹೆಸರನ್ನು ಪಡೆಯಿತು. ಜೂಲಿಯಾ, ಪೈಥಾನ್, ಆರ್ ಎಂಬ ಮೂರು ಭಾಷೆಗಳ ಹೆಸರುಗಳು ಅದರಲ್ಲಿ ಅಡಗಿರುವುವು. ಜುಪಿಟರ್ ಕನ್ಸೋಲ್ ಎಂಬುದನ್ನು ಟರ್ಮಿನಲ್ಲಿನಲ್ಲಿ ತೆರೆದರೆ ಒಂದೇ ಮುಖದಿಂದ ಬೇರೆಬೇರೆ ಭಾಷೆಗಳ ಹೃದಯಗಳೊಡನೆ ಸಂವಾದಿಸಬಹುದು. ಬಹುವ್ರೀಹಿಯಂತೆ ಇಲ್ಲಿ ಪ್ರಧಾನವಾದುದು ಅನ್ಯಪದಾರ್ಥ, ಎಂದರೆ ಸಂದೇಶಗಳ ಒಪ್ಪಂದ.

ಯಾವ ಉಪಾಯವನ್ನೂ ಹಿಡಿಯದೆ ಎರಡಕ್ಕೂ ಸಮಾನಾಧಿಕಾರವನ್ನು ಕೊಟ್ಟರೆ ಏನಾಗುವುದೆಂಬುದಕ್ಕೂ ಉದಾಹರಣೆಯುಂಟು. ಪೈಥಾನಿನಲ್ಲಿ ಹಲವು ಕೆಲಸಗಳನ್ನು ಸರದಿಯಮೇಲೆ ನಡೆಸುವ ಕಾರ್ಯಚಕ್ರವೆಂಬುದೊಂದಿರುವುದು. ಬೆರಳೊತ್ತನ್ನು ಕಾಯುವ ಮುಖವೂ, ನಾವು ಹೇಳಿದ ವಾಕ್ಯವೂ, ಎರಡೂ ತಮ್ಮ ಚಕ್ರವನ್ನೇ ತಿರುಗಿಸಲು ಹೊರಟರೆ, ತಿರುಗುತ್ತಿರುವ ಚಕ್ರದೊಳಗೆ ಮತ್ತೊಂದನ್ನು ತಿರುಗಿಸಬಾರದೆಂದು ಭಾಷೆಯೇ ನಿಷೇಧಿಸುವುದು. ಸಂಸ್ಕೃತ ಕನ್ನಡ ಶಬ್ದಗಳನ್ನು ವಿವೇಚನೆಯಿಲ್ಲದೆ ಕೂಡಿಸಿದ ಅರಿಸಮಾಸವನ್ನು ಶಬ್ದಮಣಿದರ್ಪಣಕಾರನು ದೋಷವೆಂದು ಎಣಿಸಿದುದು ಓದುಗರಿಗೆ ತಿಳಿದೇ ಇದೆ. ಇದೂ ಒಂದು ಅರಿಸಮಾಸವೇ.

೭. ಧಾರಣದ ವಿರೋಧ

ಈಗ ವಿದ್ವಾಂಸರಿಗೆ ನಿಜವಾಗಿಯೂ ಹಾನಿಯನ್ನುಂಟುಮಾಡಬಲ್ಲ ಅಂಶಕ್ಕೆ ಬರುವೆವು.

ಅಧ್ಯಾಪಕನೊಬ್ಬನು ಕಂದಪದ್ಯಗಳ ಮಾತ್ರೆಗಳನ್ನು ಎಣಿಸಲು ಹೊರಟಿರುವನೆಂದು ಭಾವಿಸೋಣ. ಒಂದನೆಯ ಮತ್ತು ಮೂರನೆಯ ಪಾದಗಳಲ್ಲಿ ೧೨, ಎರಡನೆಯ ಮತ್ತು ನಾಲ್ಕನೆಯ ಪಾದಗಳಲ್ಲಿ ೨೦ ಮಾತ್ರೆಗಳಿರಬೇಕಷ್ಟೆ. ಮೊದಲು ‘ಕನ್ನಡ’ ಎಂಬ ಶಬ್ದದ ಉದ್ದವೆಷ್ಟೆಂದು ಪೈಥಾನನ್ನು ಕೇಳಿದರೆ ೫ ಎಂದು ಉತ್ತರ ಬರುವುದು. ಯಂತ್ರವು ಎಣಿಸಿದುದು ಅಕ್ಷರಗಳನ್ನಲ್ಲ; ಯೂನಿಕೋಡ್ ಎಂಬ ಲಿಪಿಸಂಕೇತದ ಘಟಕಗಳನ್ನು. ಕಕಾರ, ನಕಾರ, ವಿರಾಮಚಿಹ್ನೆ, ಮತ್ತೊಂದು ನಕಾರ, ಡಕಾರ ಎಂದು ಅವು ಐದು. ನಮ್ಮ ಎಣಿಕೆಯಲ್ಲಿ ಅಕ್ಷರಗಳು ೩. ಒತ್ತಕ್ಷರದ ಹಿಂದಿನ ಕಕಾರವು ಗುರುವಾಗುವುದರಿಂದ ಮಾತ್ರೆಗಳು ೪. ಒಂದೇ ಶಬ್ದಕ್ಕೆ ಮೂರು ಸಂಖ್ಯೆಗಳು! ಆದುದರಿಂದ ಮಾತ್ರೆಯನ್ನು ಎಣಿಸುವ ವಿಧಿಯನ್ನು ಅಧ್ಯಾಪಕನೇ ಬರೆಯಬೇಕು.

ಅವನು ಬರೆದ ಮೊದಲ ವಿಧಿಯಲ್ಲಿ ಒತ್ತಕ್ಷರದ ಹಿಂದಿನ ಅಕ್ಷರವು ಗುರುವೆಂಬ ನಿಯಮವು ಮರೆತುಹೋಯಿತೆಂದು ಇಟ್ಟುಕೊಳ್ಳಿರಿ. ‘ಕನ್ನಡ’ಕ್ಕೆ ೩ ಎಂದು ಉತ್ತರ ಬರುವುದು. ಅವನು ಇದನ್ನು ಗಮನಿಸದೆ ಹತ್ತು ಪಾದಗಳನ್ನು ಎಣಿಸಿದನು. ಆಮೇಲೆ ತಪ್ಪನ್ನು ಕಂಡು ವಿಧಿಯನ್ನು ತಿದ್ದಿ ಮುಂದಿನ ಹತ್ತು ಪಾದಗಳನ್ನು ಎಣಿಸಿದನು. ಐಪೈಥಾನಿನ ಔಟ್ ಕೋಶದಲ್ಲಿ ಈಗ ಇಪ್ಪತ್ತು ಸಂಖ್ಯೆಗಳಿರುವುವು. ಮೊದಲ ಹತ್ತು ಹಳೆಯ ನಿಯಮದವು, ಕೊನೆಯ ಹತ್ತು ಹೊಸ ನಿಯಮದವು. ಪರದೆಯ ಮೇಲೆ ವಿಧಿಯ ಹೆಸರು ಎರಡು ಕಡೆಯೂ ಒಂದೇ. ಆ ಇಪ್ಪತ್ತನ್ನೂ ಕೂಡಿಸಿ ಸರಾಸರಿಯನ್ನು ತೆಗೆದು ಲೇಖನದಲ್ಲಿ ಅಚ್ಚುಹಾಕಿಸಿದರೆ, ಬೇರೊಬ್ಬ ವಿದ್ವಾಂಸನು ಅದೇ ಪದ್ಯಗಳನ್ನು ಅದೇ ವಿಧಿಯಿಂದ ಎಣಿಸಿದಾಗ ಆ ಸಂಖ್ಯೆ ಎಂದಿಗೂ ಬಾರದು. ಐಪೈಥಾನ್ ಇಲ್ಲಿ ತಪ್ಪುಮಾಡಿಲ್ಲ. ನಡೆದುದನ್ನು ನಡೆದಂತೆಯೇ ಧರಿಸಿರುವುದು ಅದರ ಧರ್ಮ, ಅದು ದಿನಚರಿಯಂತೆ.

ಬಿಪೈಥಾನಿನ ಧರ್ಮ ಬೇರೆ. ಅಲ್ಲಿ ಕೊನೆಯ ವಾಕ್ಯವನ್ನು ಹಿಂದಕ್ಕೆ ತೆಗೆದರೆ, ಅದು ಆ ವಾಕ್ಯವನ್ನು ಅಳಿಸಿ, ಉಳಿದ ವಾಕ್ಯಗಳನ್ನೆಲ್ಲ ಮೊದಲಿನಿಂದ ಮತ್ತೆ ನಡೆಸುವುದು. ತಪ್ಪಾದ ವಿಧಿಯವರೆಗೂ ಹಿಂದಕ್ಕೆ ಹೋಗಿ, ಅದನ್ನು ತಿದ್ದಿ, ಎಣಿಕೆಗಳನ್ನು ಮತ್ತೆ ಹೇಳಿದರೆ ಪರದೆಯಲ್ಲಿ ಕಾಣುವ ವಾಕ್ಯಗಳಿಗೂ ಯಂತ್ರದ ಮನಸ್ಸಿನಲ್ಲಿರುವ ಪದಾರ್ಥಗಳಿಗೂ ವ್ಯತ್ಯಾಸವಿರುವುದಿಲ್ಲ. ಇದು ದಿನಚರಿಯಲ್ಲ, ಪರಿಷ್ಕರಿಸಿದ ಗ್ರಂಥದಂತೆ. ಆದರೆ ಇದಕ್ಕೂ ಮಿತಿಯುಂಟು. ನಡುವಿನ ವಾಕ್ಯವೊಂದು ಕಡತದ ಕೊನೆಗೆ ಒಂದು ಸಾಲನ್ನು ಸೇರಿಸುವಂಥದಾದರೆ, ಪ್ರತಿಯೊಂದು ಪುನರಾವೃತ್ತಿಯಲ್ಲಿಯೂ ಆ ಸಾಲು ಮತ್ತೆ ಸೇರುವುದು. ಯಾದೃಚ್ಛಿಕವಾದ ಸಂಖ್ಯೆಯನ್ನು ಆರಿಸುವ ವಾಕ್ಯವಾದರೆ ಬೇರೆ ಸಂಖ್ಯೆ ಬರುವುದು. ದೀರ್ಘವಾದ ಲೆಕ್ಕವಾದರೆ ಮತ್ತೆ ಅಷ್ಟೇ ಕಾಲ ಹಿಡಿಯುವುದು.

ಈ ಎರಡು ಧಾರಣಗಳನ್ನೂ ಒಂದೇ ವ್ಯಾಖ್ಯಾಯಕದಲ್ಲಿ ಪೂರ್ಣವಾಗಿ ಕೂಡಿಸಬಹುದೆ? ನಡೆದುದನ್ನೆಲ್ಲ ಉಳಿಸಬೇಕೆಂಬುದು ಒಂದರ ಪ್ರತಿಜ್ಞೆ, ತಿದ್ದಿದುದರ ಫಲವನ್ನು ಮಾತ್ರ ಉಳಿಸಬೇಕೆಂಬುದು ಮತ್ತೊಂದರ ಪ್ರತಿಜ್ಞೆ. ಔಟ್ ಎಂಬ ಒಂದೇ ಕೋಶದ ಏಳನೆಯ ಸ್ಥಾನದಲ್ಲಿ ಹಳೆಯ ಸಂಖ್ಯೆಯೂ ಹೊಸ ಸಂಖ್ಯೆಯೂ ಏಕಕಾಲದಲ್ಲಿ ನಿಲ್ಲಲಾರವು. ಬಣ್ಣಗಳನ್ನು ಕೂಡಿಸಬಹುದು, ಆಜ್ಞೆಗಳನ್ನು ಒಂದು ವ್ಯವಸ್ಥೆಯಲ್ಲಿ ಕೂಡಿಸಬಹುದು, ಪ್ರತಿಜ್ಞೆಗಳನ್ನು ಕೂಡಿಸಲಾಗದು.

೮. ಟರ್ಮಿನಲ್ಲಿನ ಪಾತ್ರ

ಕನ್ನಡದಲ್ಲಿ ಕೆಲಸಮಾಡುವವರು ಮತ್ತೊಂದನ್ನೂ ತಿಳಿದಿರಬೇಕು. ಟರ್ಮಿನಲ್ ಎಂಬುದು ಪರದೆಯನ್ನು ಸಮಾನವಾದ ಮನೆಗಳನ್ನಾಗಿ ಭಾಗಿಸಿ, ಒಂದೊಂದು ಮನೆಯಲ್ಲಿ ಒಂದೊಂದು ವರ್ಣವನ್ನು ಇಡುವುದು. ಇಂಗ್ಲಿಷಿಗೆ ಇದು ಹೊಂದುವುದು. ‘ಸ್ತ್ರೀ’ ಎಂಬುದು ನಮಗೆ ಒಂದಕ್ಷರ, ಯೂನಿಕೋಡಿನಲ್ಲಿ ೬ ಘಟಕಗಳು. ಅದಕ್ಕೆ ಎಷ್ಟು ಮನೆಗಳು ಬೇಕೆಂಬುದರಲ್ಲಿ ಓದುವ ಮುಖದ ಲೆಕ್ಕವೂ ಟರ್ಮಿನಲ್ಲಿನ ಲೆಕ್ಕವೂ ಎಷ್ಟೋ ಸಲ ಬೇರೆಯಾಗುತ್ತವೆ. ಆಗ ಬರೆವಣಿಗೆಯ ಗುರುತು ಒಂದು ಕಡೆ, ನಿಜವಾಗಿ ತಿದ್ದುಪಡಿಯಾಗುವ ಅಕ್ಷರ ಮತ್ತೊಂದು ಕಡೆ ಆಗಿ ಪಾಠವು ಕೆಡುವುದು. ಮುಖವು ಹೆಚ್ಚು ಅಲಂಕೃತವಾದಷ್ಟೂ ಅದು ಪರದೆಯ ಮನೆಗಳನ್ನು ಹೆಚ್ಚಾಗಿ ಲೆಕ್ಕಹಾಕಬೇಕಾಗುವುದರಿಂದ ಈ ತೊಂದರೆ ಕನ್ನಡಕ್ಕೆ ಹೆಚ್ಚುವ ಸಂಭವವುಂಟು. ಆದಕಾರಣ ಪದ್ಯಗಳನ್ನು ಟರ್ಮಿನಲ್ಲಿನಲ್ಲಿಯೇ ಬೆರಳೊತ್ತಿ ಬರೆಯುವುದಕ್ಕಿಂತ, ಬೇರೆ ಕಡತದಲ್ಲಿ ಬರೆದಿಟ್ಟು ವ್ಯಾಖ್ಯಾಯಕಕ್ಕೆ ಓದಿಸುವುದು ಶ್ರೇಯಸ್ಕರ.

೯. ಉಪಸಂಹಾರ

ಮೇಲಿನ ವಿಚಾರದಿಂದ ಅಧ್ಯಾಪಕರಿಗೆ ಉಪಯುಕ್ತವಾದ ಮೂರು ಪ್ರಶ್ನೆಗಳು ದೊರೆಯುವುವು. ಎರಡು ವ್ಯಾಖ್ಯಾಯಕಗಳು ಕೂಡಿದ ಯಾವ ಸಾಧನವನ್ನಾದರೂ ಕೈಗೆ ತೆಗೆದುಕೊಳ್ಳುವಾಗ, ಇಲ್ಲಿ ಓದುವವರು ಯಾರು, ಅರ್ಥವನ್ನು ನಿರ್ಣಯಿಸುವವರು ಯಾರು, ನೆನಪಿಡುವವರು ಯಾರು ಎಂದು ಕೇಳಿಕೊಳ್ಳಬೇಕು. ಮೊದಲನೆಯ ಪ್ರಶ್ನೆಗೆ ಯಾವ ಉತ್ತರ ಬಂದರೂ ಹಾನಿಯಿಲ್ಲ. ಅದು ಅವರವರ ಅಭಿರುಚಿ. ಎರಡನೆಯದಕ್ಕೆ ಒಂದೇ ಉತ್ತರವಿರಬೇಕು. ಮೂರನೆಯದಕ್ಕೆ ಬಂದ ಉತ್ತರವನ್ನು ತಿಳಿದು, ಅದಕ್ಕೆ ತಕ್ಕಂತೆ ಕೆಲಸದ ಕ್ರಮವನ್ನು ಇಟ್ಟುಕೊಳ್ಳಬೇಕು.

ಇನ್ನೊಂದು ಮಾತು. ಶೇಕಡಾ ಚಿಹ್ನೆಯ ಆಜ್ಞೆಗಳಾಗಲಿ ಆವರಣಗಳನ್ನು ಬಿಟ್ಟು ಕರೆದ ವಿಧಿಗಳಾಗಲಿ ಸಂವಾದದಲ್ಲಿ ಮಾತ್ರ ಸಾಧುಗಳು. ಅವನ್ನು ಹಾಗೆಯೇ ಕಡತದಲ್ಲಿ ಬರೆದಿಟ್ಟರೆ ಶುದ್ಧ ಪೈಥಾನ್ ಅವನ್ನು ಒಪ್ಪುವುದಿಲ್ಲ. ಸಂವಾದವು ಶೋಧನೆಗೆ ತಕ್ಕ ಕ್ರಮ. ಪ್ರಮಾಣವಾಗಿ ಮುಂದಿಡಬೇಕಾದುದು ಆ ಸಂವಾದದಿಂದ ಪರಿಷ್ಕರಿಸಿ ಬರೆದ, ಮೊದಲಿನಿಂದ ಕೊನೆಯವರೆಗೆ ಒಮ್ಮೆ ಹೊಸದಾಗಿ ನಡೆಸಿ ನೋಡಿದ ಗ್ರಂಥ. ಗುರುವಿನೊಡನೆ ಆಡಿದ ಮಾತೆಲ್ಲ ವ್ಯಾಖ್ಯಾನವಾಗುವುದಿಲ್ಲ. ಆ ಮಾತುಗಳಿಂದ ನಿರ್ಣಯವಾದುದನ್ನು ಬರೆದಾಗ ವ್ಯಾಖ್ಯಾನವಾಗುವುದು. ಮಾತ್ರಾಸಂಖ್ಯೆಗಳನ್ನು ಅಚ್ಚಿಗೆ ಕೊಡುವ ಮುನ್ನ ವ್ಯಾಖ್ಯಾಯಕವನ್ನು ಒಮ್ಮೆ ಮುಚ್ಚಿ, ಎಲ್ಲವನ್ನೂ ಮರೆತ ಹೊಸ ವ್ಯಾಖ್ಯಾಯಕದಲ್ಲಿ ಅದೇ ಸಂಖ್ಯೆಗಳು ಬರುವುವೇ ಎಂದು ನೋಡುವ ಅಭ್ಯಾಸವನ್ನು ನಮ್ಮ ಅಧ್ಯಾಪಕರು ಇಟ್ಟುಕೊಂಡರೆ, ಮುಂದೆ ಅವನ್ನು ಆಧರಿಸಿ ಬರೆಯುವವರಿಗೆ ದೊಡ್ಡ ಉಪಕಾರವಾಗುವುದು.